ಸ್ವಿಚ್ಚಿಗೆ ಬುದ್ಧಿ ಬಂದ ಬಗೆ

ಕೆಲವು ವರ್ಷಗಳ ಹಿಂದಿನ ಮಾತು. ನಾನು ಪಾಠ ಹೇಳುತ್ತಿದ್ದ ಕಾಲೇಜಿನ ಕಂಪ್ಯೂಟರ್ ಪ್ರಯೋಗಾಲಯದಲ್ಲಿ ಅಂದು ಪ್ರಾಯೋಗಿಕ ಪರೀಕ್ಷೆ. ಒಂಬತ್ತು ಗಂಟೆಗೆ ಎಲ್ಲವೂ ಸರಿಯಾಗಿತ್ತು. ಒಂಬತ್ತೂವರೆಗೆ ಮೂವತ್ತು ಕಂಪ್ಯೂಟರುಗಳಲ್ಲಿ ಒಂದಕ್ಕೂ ಸರ್ವರ್ ಸಿಗಲಿಲ್ಲ. ಕರೆಂಟು ಹೋಗಿರಲಿಲ್ಲ, ಯಾವ ಯಂತ್ರವೂ ಕೆಟ್ಟಿರಲಿಲ್ಲ. ಗೋಡೆಯ ಪೆಟ್ಟಿಗೆಯಲ್ಲಿದ್ದ ನೆಟ್‌ವರ್ಕ್ ಸ್ವಿಚ್ಚಿನ ಹಸಿರು ದೀಪಗಳು ಮಾತ್ರ, ಎಂದಿನಂತೆ ಒಂದೊಂದಾಗಿ ಮಿನುಗುವುದನ್ನು ಬಿಟ್ಟು, ಎಲ್ಲ ಒಟ್ಟಿಗೆ ಬಿಡುವಿಲ್ಲದೆ ಪಟಪಟನೆ ಹೊಡೆದುಕೊಳ್ಳುತ್ತಿದ್ದವು. ಎರಡು ಗಂಟೆ ಹುಡುಕಿದ ಮೇಲೆ ಕಾರಣ ಸಿಕ್ಕಿತು. ನೆಲದ ಮೇಲೆ ಬಿದ್ದಿದ್ದ ಒಂದು ಕೇಬಲ್ ತುದಿಯನ್ನು ಯಾರೋ ಪುಣ್ಯಾತ್ಮರು ಎತ್ತಿ ಹತ್ತಿರದ ಖಾಲಿ ಪೋರ್ಟಿಗೆ ಸಿಕ್ಕಿಸಿದ್ದರು. ಅದರ ಇನ್ನೊಂದು ತುದಿಯೂ ಅದೇ ಸ್ವಿಚ್ಚಿನಲ್ಲಿತ್ತು!

ಅದನ್ನು ಕಿತ್ತ ಮರುಕ್ಷಣ ಎಲ್ಲವೂ ಸರಿಹೋಯಿತು. ಪರೀಕ್ಷೆಯೇನೋ ಮಧ್ಯಾಹ್ನ ನಡೆಯಿತು. ಆದರೆ ಭೌತಶಾಸ್ತ್ರ ಹೇಳುವ ನನಗೆ ಒಂದು ಪ್ರಶ್ನೆ ಉಳಿಯಿತು. ಒಂದು ಮೀಟರ್ ಉದ್ದದ ತಾಮ್ರದ ತಂತಿ ಮೂವತ್ತು ಕಂಪ್ಯೂಟರುಗಳ ಬಾಯಿ ಕಟ್ಟಿದ್ದು ಹೇಗೆ? ಅಂಗಡಿಯವರನ್ನು ವಿಚಾರಿಸಿದಾಗ, ನಮ್ಮದು ‘ಅನ್‌ಮ್ಯಾನೇಜ್ಡ್’ ಜಾತಿಯ ಅಗ್ಗದ ಸ್ವಿಚ್ಚು, ‘ಮ್ಯಾನೇಜ್ಡ್’ ಜಾತಿಯದನ್ನು ಕೊಂಡಿದ್ದರೆ ಹೀಗಾಗುತ್ತಿರಲಿಲ್ಲ ಎಂಬ ಉತ್ತರ ಬಂತು. ಹೊರಗಿನಿಂದ ನೋಡಿದರೆ ಎರಡೂ ಒಂದೇ ರೀತಿಯ ಪೆಟ್ಟಿಗೆಗಳು. ಒಳಗೆ ಒಂದು ಕಾರ್ಯಾಚರಣ ವ್ಯವಸ್ಥೆ, ಅಂದರೆ ಆಪರೇಟಿಂಗ್ ಸಿಸ್ಟಂ, ಇದೆಯೋ ಇಲ್ಲವೋ ಎಂಬುದಷ್ಟೇ ವ್ಯತ್ಯಾಸ. ಆ ತಂತ್ರಾಂಶ ಏಕೆ ಹುಟ್ಟಿತು ಎಂದು ಕೆದಕುತ್ತಾ ಹೋದರೆ 1973ರವರೆಗೆ ಹಿಂದೆ ಹೋಗಬೇಕಾಗುತ್ತದೆ.

ಈಥರ್ ಮರಳಿ ಬಂದದ್ದು

ಬೆಳಕಿನ ಅಲೆಗಳನ್ನು ಹೊತ್ತೊಯ್ಯುವ ‘ಈಥರ್’ ಎಂಬ ಮಾಧ್ಯಮವೊಂದು ವಿಶ್ವವನ್ನೆಲ್ಲ ತುಂಬಿದೆ ಎಂದು ಹತ್ತೊಂಬತ್ತನೆಯ ಶತಮಾನದ ವಿಜ್ಞಾನಿಗಳು ನಂಬಿದ್ದರು. 1887ರ ಮೈಕೆಲ್‌ಸನ್-ಮಾರ್ಲಿ ಪ್ರಯೋಗಕ್ಕೆ ಅದರ ಸುಳಿವೇ ಸಿಗಲಿಲ್ಲ. 1905ರಲ್ಲಿ ಐನ್‌ಸ್ಟೈನ್ ಅದರ ಅಗತ್ಯವೇ ಇಲ್ಲವೆಂದರು. ಹಾಗೆ ಭೌತಶಾಸ್ತ್ರದಿಂದ ಗಡೀಪಾರಾದ ಹೆಸರನ್ನು ಕ್ಯಾಲಿಫೋರ್ನಿಯದ ಜೆರಾಕ್ಸ್ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿದ್ದ ರಾಬರ್ಟ್ ಮೆಟ್ಕಾಫ್ ಅವರು 1973ರ ಮೇ 22ರಂದು ಬರೆದ ಟಿಪ್ಪಣಿಯೊಂದರಲ್ಲಿ ಮತ್ತೆ ಬಳಕೆಗೆ ತಂದರು. ‘ಆಲ್ಟೊ’ ಎಂಬ ಕಂಪ್ಯೂಟರುಗಳನ್ನೆಲ್ಲ ಒಂದೇ ಏಕಾಕ್ಷ ಕೇಬಲಿಗೆ ಜೋಡಿಸುವುದು ಅವರ ಯೋಜನೆ. ಎಲ್ಲರೂ ಹಂಚಿಕೊಳ್ಳುವ, ತಾನಾಗಿ ಏನನ್ನೂ ಮಾಡದ ಮಾಧ್ಯಮ ಆ ಕೇಬಲ್. ಆದ್ದರಿಂದ ಅದೇ ಈಥರ್, ಅದರ ಜಾಲ ಈಥರ್‌ನೆಟ್. ಸೆಕೆಂಡಿಗೆ 29.4 ಲಕ್ಷ ಬಿಟ್ ಅದರ ವೇಗ. ಡೇವಿಡ್ ಬಾಗ್ಸ್ ಅವರೊಡನೆ ಸೇರಿ ಮೆಟ್ಕಾಫ್ ಇದನ್ನು ಕಟ್ಟಿದರು. 1976ರಲ್ಲಿ ಇಬ್ಬರೂ ಪ್ರಕಟಿಸಿದ ಲೇಖನ ಜಗತ್ತಿನ ಗಮನ ಸೆಳೆಯಿತು. 1980ರಲ್ಲಿ ಡಿಇಸಿ, ಇಂಟೆಲ್, ಜೆರಾಕ್ಸ್ ಕಂಪನಿಗಳು ಸೆಕೆಂಡಿಗೆ ಒಂದು ಕೋಟಿ ಬಿಟ್ ಸಾಗಿಸುವ ಆವೃತ್ತಿಯನ್ನು ಹೊರತಂದವು. ಮೆಟ್ಕಾಫ್ ಅವರಿಗೆ 2022ನೇ ಸಾಲಿನ ಟ್ಯೂರಿಂಗ್ ಪ್ರಶಸ್ತಿ ಸಂದದ್ದು ಇದಕ್ಕಾಗಿಯೇ.

ಕೇಬಲಿನ ಮೇಲೆ ಮಾಹಿತಿ ಸಾಗುವುದು ‘ಫ್ರೇಮ್’ ಎಂಬ ತುಂಡುಗಳಲ್ಲಿ. ಒಂದು ಫ್ರೇಮನ್ನು ಅಂಚೆ ಲಕೋಟೆಗೆ ಹೋಲಿಸಬಹುದು. ಮೇಲೆ ಹೋಗಬೇಕಾದ ವಿಳಾಸ 48 ಬಿಟ್, ಕಳುಹಿಸಿದವರ ವಿಳಾಸ 48 ಬಿಟ್, ಒಳಗೆ ಹೆಚ್ಚೆಂದರೆ 1500 ಬೈಟ್‌ನಷ್ಟು ಮಾಹಿತಿ, ಕೊನೆಯಲ್ಲಿ ತಪ್ಪು ಪತ್ತೆಮಾಡುವ ಒಂದು ಸಂಖ್ಯೆ. ಇಷ್ಟೇ. ಇಲ್ಲಿ ಇಲ್ಲದಿರುವುದೊಂದನ್ನು ಓದುಗರು ಗಮನಿಸಬೇಕು. ಅಂತರಜಾಲದ ಐಪಿ ಪೊಟ್ಟಣದ ಮೇಲೆ ಆಯುಷ್ಯದ ಅಂಕಿಯೊಂದು ಬರೆದಿರುತ್ತದೆ. ಪ್ರತಿ ನಿಲ್ದಾಣದಲ್ಲೂ ಅದರಿಂದ ಒಂದನ್ನು ಕಳೆಯುತ್ತಾರೆ. ಸೊನ್ನೆಯಾದರೆ ಪೊಟ್ಟಣ ಕಸದ ಬುಟ್ಟಿಗೆ. ದಾರಿ ತಪ್ಪಿದ ಪೊಟ್ಟಣ ಹೀಗೆ ಎಂದಾದರೊಂದು ದಿನ ಸಾಯುತ್ತದೆ. ಈಥರ್‌ನೆಟ್ ಫ್ರೇಮಿಗೆ ಇಂಥ ಅಂಕಿ ಇಲ್ಲ. ಇದು ಮೆಟ್ಕಾಫ್ ಅವರ ಮರೆವಲ್ಲ. ಇರುವುದೇ ಒಂದು ಕೇಬಲ್, ಅದರ ಎರಡು ತುದಿಗಳಲ್ಲಿ ಸಂಕೇತವನ್ನು ಹೀರಿಕೊಳ್ಳುವ ರೋಧಕಗಳು. ಅಂಥಲ್ಲಿ ಫ್ರೇಮು ಸುತ್ತುವುದಾದರೂ ಎಲ್ಲಿ?

ಆ ರೋಧಕಗಳ ನೆನಪು ನನ್ನ ವಯಸ್ಸಿನ ಅಧ್ಯಾಪಕರಿಗೆ ಇರಬಹುದು. ಏಕಾಕ್ಷ ಕೇಬಲಿನ ತುದಿಗೆ ತಿರುಗಿಸಿ ಕೂರಿಸುತ್ತಿದ್ದ 50 ಓಮ್‌ನ ಪುಟ್ಟ ಟೋಪಿ ಅದು. ಯಾರಾದರೂ ಅದನ್ನು ಬಿಚ್ಚಿದರೆ ತೆರೆದ ತುದಿಯಿಂದ ಸಂಕೇತ ಪ್ರತಿಫಲಿಸಿ ಇಡೀ ಜಾಲವೇ ನಿಲ್ಲುತ್ತಿತ್ತು. ಅಂದು ತಂತಿ ತೆರೆದುಕೊಂಡರೆ ಆಪತ್ತು. ನಮ್ಮ ಪರೀಕ್ಷೆಯ ದಿನ ತಂತಿ ಸುತ್ತು ಕೂಡಿಕೊಂಡದ್ದೇ ಆಪತ್ತು.

ಕಲಿಯುವ ಸೇತುವೆ

ಒಂದು ಕೇಬಲಿಗೆ ಉದ್ದದ ಮಿತಿ ಇದೆ, ಕಂಪ್ಯೂಟರುಗಳ ಸಂಖ್ಯೆಗೂ ಮಿತಿ ಇದೆ. ಕಚೇರಿಗಳು ಬೆಳೆದಾಗ ಎರಡು ಈಥರ್‌ನೆಟ್‌ಗಳನ್ನು ಬೆಸೆಯುವ ಪೆಟ್ಟಿಗೆ ಬೇಕಾಯಿತು. 1980ರ ದಶಕದ ಮೊದಲ ವರ್ಷಗಳಲ್ಲಿ ಡಿಇಸಿ ಕಂಪನಿಯ ಮಾರ್ಕ್ ಕೆಂಫ್ ಒಂದು ಸರಳ ಉಪಾಯ ಕಂಡುಕೊಂಡರು. ಆ ಪೆಟ್ಟಿಗೆಯ ಹೆಸರು ‘ಬ್ರಿಡ್ಜ್’, ಸೇತುವೆ. ಅದಕ್ಕೆ ಯಾರೂ ಏನನ್ನೂ ಹೇಳಿಕೊಡಬೇಕಾಗಿಲ್ಲ. ಬಂದ ಪ್ರತಿ ಫ್ರೇಮಿನ ಕಳುಹಿಸಿದವರ ವಿಳಾಸ ನೋಡಿ, ‘ಈ ಕಂಪ್ಯೂಟರು ಈ ಬದಿಯಲ್ಲಿದೆ’ ಎಂದು ತನ್ನ ಕೋಷ್ಟಕದಲ್ಲಿ ಬರೆದುಕೊಳ್ಳುತ್ತದೆ. ಮುಂದೆ ಆ ವಿಳಾಸಕ್ಕೆ ಫ್ರೇಮು ಬಂದರೆ ಆ ಬದಿಗಷ್ಟೇ ಕಳುಹಿಸುತ್ತದೆ. ವಿಳಾಸ ಗೊತ್ತಿಲ್ಲದಿದ್ದರೆ, ಅಥವಾ ಫ್ರೇಮು ‘ಸರ್ವರಿಗೂ’ ಎಂದಿದ್ದರೆ, ಬಂದ ಬದಿಯೊಂದನ್ನು ಬಿಟ್ಟು ಉಳಿದೆಲ್ಲ ಕಡೆಗೂ ಪ್ರತಿಗಳನ್ನು ಹಂಚುತ್ತದೆ. ಹೊಸ ಊರಿಗೆ ಬಂದ ಪೋಸ್ಟ್‌ಮ್ಯಾನ್ ಕೆಲಸ ಕಲಿಯುವುದೂ ಹೆಚ್ಚುಕಡಿಮೆ ಹೀಗೆಯೇ.

ಈ ಜಾಣ ಸೇತುವೆಗಳು ಒಂದು ಸುತ್ತಿನಲ್ಲಿ ಸಿಕ್ಕಿಕೊಂಡರೆ? ಲೆಕ್ಕ ಹಾಕಿ ನೋಡೋಣ. ಎರಡು ಪೆಟ್ಟಿಗೆಗಳ ನಡುವೆ ಎರಡು ಕೇಬಲ್ ಇವೆ ಎನ್ನಿ. ‘ಸರ್ವರಿಗೂ’ ಎಂಬ ಫ್ರೇಮು ಒಂದು ಕೇಬಲಿನಲ್ಲಿ ಹೋಗಿ ಇನ್ನೊಂದರಲ್ಲಿ ಮರಳುತ್ತದೆ, ಮತ್ತೆ ಹೋಗುತ್ತದೆ, ಮತ್ತೆ ಮರಳುತ್ತದೆ. ಆಯುಷ್ಯದ ಅಂಕಿ ಇಲ್ಲದ್ದರಿಂದ ಅದಕ್ಕೆ ಸಾವಿಲ್ಲ. ಪ್ರತಿ ಸುತ್ತಿಗೂ ಎಲ್ಲ ಕಂಪ್ಯೂಟರುಗಳಿಗೂ ಒಂದೊಂದು ಪ್ರತಿ. ಕೇಬಲುಗಳು ಮೂರಾದರೆ ಒಂದರಲ್ಲಿ ಬಂದದ್ದು ಎರಡರಲ್ಲಿ ಹೊರಡುತ್ತದೆ. ಪ್ರತಿ ನೆಗೆತಕ್ಕೂ ಸಂಖ್ಯೆ ಇಮ್ಮಡಿ. ಇಪ್ಪತ್ತು ನೆಗೆತಗಳಲ್ಲಿ ಒಂದು ಫ್ರೇಮು ಹತ್ತು ಲಕ್ಷ ಮೀರುತ್ತದೆ. ಪರಮಾಣು ಕ್ರಿಯಾಕಾರಿಯ ಪಾಠ ಮಾಡುವವರಿಗೆ ಇದು ಪರಿಚಿತ ಚಿತ್ರ. ಎರಡು ಕೇಬಲಿನ ಸುತ್ತಿನಲ್ಲಿ ಗುಣಕ 1, ಫ್ರೇಮು ಕ್ಷಯಿಸುವುದಿಲ್ಲ. ಮೂರರಲ್ಲಿ ಗುಣಕ 2, ಸರಪಳಿ ಕ್ರಿಯೆ. ಬೆಳವಣಿಗೆಗೆ ತಡೆ ಬೀಳುವುದು ಕೇಬಲ್ ತುಂಬಿ ತುಳುಕಿದಾಗ ಮಾತ್ರ. ಸೆಕೆಂಡಿಗೆ ಹತ್ತು ಕೋಟಿ ಬಿಟ್ ವೇಗದ ಕೇಬಲಿನಲ್ಲಿ ಅತಿ ಚಿಕ್ಕ ಫ್ರೇಮುಗಳು ಸೆಕೆಂಡಿಗೆ ಸುಮಾರು 1,48,800 ಹಿಡಿಸುತ್ತವೆ. ನಮ್ಮ ಪ್ರಯೋಗಾಲಯದ ಪ್ರತಿ ಕಂಪ್ಯೂಟರಿನ ಬಾಗಿಲಿಗೂ ಆ ಬೆಳಿಗ್ಗೆ ಇಂಥದೇ ಪ್ರವಾಹ ಬಡಿಯುತ್ತಿತ್ತು. ಜೊತೆಗೆ ಇನ್ನೊಂದು ಅನಾಹುತ. ಒಂದೇ ಕಂಪ್ಯೂಟರಿನ ಫ್ರೇಮು ಬೇರೆಬೇರೆ ಪೋರ್ಟುಗಳಿಂದ ಮತ್ತೆ ಮತ್ತೆ ಬರುವುದರಿಂದ ಪೋಸ್ಟ್‌ಮ್ಯಾನನ ಕೋಷ್ಟಕವೂ ಕಲಸುಮೇಲೋಗರವಾಗುತ್ತದೆ.

ಹಾಗಾದರೆ ಸುತ್ತನ್ನೇ ಕಟ್ಟದಿದ್ದರಾಯಿತಲ್ಲವೇ? ಸಾಲದು. ಒಂದು ಕೇಬಲ್ ತುಂಡಾದರೂ ಜಾಲ ನಡೆಯಬೇಕೆಂದರೆ ಎರಡನೆಯ ದಾರಿ ಇರಲೇಬೇಕು. ಎರಡನೆಯ ದಾರಿ ಇಟ್ಟೊಡನೆ ಸುತ್ತು ಹುಟ್ಟುತ್ತದೆ. ಸುರಕ್ಷತೆಗೆಂದು ಇಟ್ಟ ತಂತಿಯೇ ಕುತ್ತಿಗೆಗೆ ಉರುಳು.

ಪರ್ಲ್‌ಮನ್ ಬೆಳೆಸಿದ ಮರ

ಈ ಬಿಕ್ಕಟ್ಟನ್ನು ಬಿಡಿಸುವ ಕೆಲಸ ಡಿಇಸಿಯಲ್ಲೇ ಇದ್ದ ರೇಡಿಯಾ ಪರ್ಲ್‌ಮನ್ ಅವರ ಪಾಲಿಗೆ ಬಂತು. ಜಾಲ ಎಷ್ಟೇ ಬೆಳೆದರೂ ಒಂದೊಂದು ಸೇತುವೆಗೆ ಬೇಕಾಗುವ ಸ್ಮೃತಿ ಮಾತ್ರ ಬೆಳೆಯಬಾರದು ಎಂಬುದು ಮೇಲಧಿಕಾರಿ ಹಾಕಿದ ಷರತ್ತು. ಪರ್ಲ್‌ಮನ್ ಅವರೇ ಹೇಳಿಕೊಂಡಿರುವಂತೆ, ಶುಕ್ರವಾರ ಈ ಸವಾಲನ್ನೊಡ್ಡಿ ಅಧಿಕಾರಿ ಒಂದು ವಾರದ ರಜೆಯ ಮೇಲೆ ಹೊರಟರು. ಉತ್ತರ ಅದೇ ರಾತ್ರಿ ಹೊಳೆಯಿತು. ವಿವರಗಳನ್ನು ಬರೆದು ಮುಗಿಸಿದ ಮೇಲೆ ಉಳಿದ ದಿನಗಳಲ್ಲಿ ಅವರು ತಮ್ಮ ವಿಧಾನದ ಬಗೆಗೇ ಒಂದು ಪದ್ಯ ಕಟ್ಟಿದರು. 1985ರಲ್ಲಿ ಪ್ರಬಂಧ ಪ್ರಕಟವಾಯಿತು. 1990ರಲ್ಲಿ ಅದು ಐಇಇಇ ಸಂಸ್ಥೆಯ 802.1ಡಿ ಎಂಬ ಮಾನಕದಲ್ಲಿ ಸೇರಿತು.

‘ಸ್ಪ್ಯಾನಿಂಗ್ ಟ್ರೀ’ ಎಂದು ಇದರ ಹೆಸರು. ಎಲ್ಲ ಬಿಂದುಗಳನ್ನೂ ಮುಟ್ಟುವ, ಆದರೆ ಎಲ್ಲಿಯೂ ಸುತ್ತಿಲ್ಲದ ಜಾಲ ಒಂದು ಮರ. ತಂತಿಗಳನ್ನೆಲ್ಲ ಇದ್ದಲ್ಲೇ ಬಿಟ್ಟು, ಸುತ್ತು ಉಂಟುಮಾಡುವವನ್ನು ಮಾತ್ರ ತಂತ್ರಾಂಶದಿಂದ ಮಲಗಿಸಿ, ಮರವನ್ನಷ್ಟೇ ಎಚ್ಚರವಾಗಿಡುವುದು ಇಲ್ಲಿನ ಉಪಾಯ. ಭೌತಶಾಸ್ತ್ರದ ಅಧ್ಯಾಪಕರಿಗೆ ಇದರ ಬೀಜಗಣಿತ ಹೊಸದಲ್ಲ. ವಿದ್ಯುನ್ಮಂಡಲದಲ್ಲಿ ಸ್ವತಂತ್ರ ಕುಣಿಕೆಗಳೆಷ್ಟು ಎಂಬ ಪ್ರಶ್ನೆಗೆ ಕಿರ್ಕಾಫ್ 1847ರಲ್ಲೇ ಉತ್ತರ ಕೊಟ್ಟಿದ್ದರು: ತಂತಿಗಳ ಸಂಖ್ಯೆಯಿಂದ ಸಂಧಿಗಳ ಸಂಖ್ಯೆಯನ್ನು ಕಳೆದು ಒಂದನ್ನು ಕೂಡಿಸಿ. ಆರು ಸ್ವಿಚ್ಚುಗಳ ನಡುವೆ ಒಂಬತ್ತು ಕೇಬಲುಗಳಿದ್ದರೆ ಕುಣಿಕೆಗಳು ನಾಲ್ಕು. ಸ್ಪ್ಯಾನಿಂಗ್ ಟ್ರೀ ಮಲಗಿಸುವ ಕೇಬಲುಗಳೂ ಸರಿಯಾಗಿ ನಾಲ್ಕೇ. ಕಿರ್ಕಾಫ್ ಕುಣಿಕೆಗಳನ್ನು ಎಣಿಸಿದ್ದು ಅವನ್ನು ಬಳಸುವುದಕ್ಕೆ, ಪರ್ಲ್‌ಮನ್ ಹುಡುಕಿದ್ದು ಅವನ್ನು ಮುರಿಯುವುದಕ್ಕೆ.

ಇಡೀ ಜಾಲದ ನಕ್ಷೆ ಯಾರ ಬಳಿಯೂ ಇಲ್ಲದೆ ಇದು ನಡೆಯುತ್ತದೆ ಎಂಬುದು ಸೊಗಸು. ತರಗತಿಯಲ್ಲೇ ಮಾಡಿ ನೋಡಬಹುದು. ಎಂಟು ವಿದ್ಯಾರ್ಥಿಗಳನ್ನು ನಿಲ್ಲಿಸಿ, ಅವರ ನಡುವೆ ಹನ್ನೆರಡು ದಾರಗಳನ್ನು ಮನಬಂದಂತೆ ಹಿಡಿಸಿ. ಯಾರೂ ಹೊರಗುಳಿಯಬಾರದು, ಅಷ್ಟೆ. ಪ್ರತಿಯೊಬ್ಬರೂ ಮೊದಲು ‘ನಾನೇ ಬೇರು, ನನ್ನಿಂದ ಬೇರಿಗೆ ದೂರ ಸೊನ್ನೆ’ ಎಂದು ದಾರದ ಆಚೆ ತುದಿಯವರಿಗೆ ಮಾತ್ರ ತಿಳಿಸಲಿ. ತನ್ನದಕ್ಕಿಂತ ಚಿಕ್ಕ ಕ್ರಮಸಂಖ್ಯೆ ಕಿವಿಗೆ ಬಿದ್ದವರು ಹಟ ಬಿಟ್ಟು, ‘ಬೇರು 3, ನನ್ನಿಂದ ದೂರ 1’ ಎಂದು ಮುಂದಕ್ಕೆ ಸಾರಲಿ. ಕೆಲವೇ ಸುತ್ತುಗಳಲ್ಲಿ ಎಲ್ಲರೂ ಒಬ್ಬರನ್ನೇ ಬೇರೆಂದು ಒಪ್ಪುತ್ತಾರೆ. ಆಮೇಲೆ ಪ್ರತಿಯೊಬ್ಬರೂ ಬೇರಿಗೆ ಅತಿ ಹತ್ತಿರ ಒಯ್ಯುವ ಒಂದೇ ದಾರವನ್ನು ಆರಿಸಿಕೊಳ್ಳಲಿ. ಇಬ್ಬರು ಸಮವಾದರೆ ಚಿಕ್ಕ ಸಂಖ್ಯೆಯವರ ಕಡೆಯದು. ಯಾರೂ ಆರಿಸದ ದಾರಗಳನ್ನು ನೆಲಕ್ಕೆ ಬಿಡಲಿ. ಉಳಿಯುವುದು ಏಳು ದಾರಗಳ ಒಂದು ಮರ. ಮೇಷ್ಟ್ರು ಬಾಯಿ ಬಿಡಬೇಕಾಗಿಲ್ಲ!

ನಿಜವಾದ ಜಾಲದಲ್ಲಿ ಬೇರಿನಿಂದ ಎರಡು ಸೆಕೆಂಡಿಗೊಮ್ಮೆ ಪುಟ್ಟ ಘೋಷಣಾ ಸಂದೇಶ ಹೊರಟು ಕೊಂಬೆಕೊಂಬೆಗೂ ಹರಿಯುತ್ತದೆ. ಇಪ್ಪತ್ತು ಸೆಕೆಂಡು ಆ ದನಿ ಕೇಳದಿದ್ದರೆ ದಾರಿ ಮುರಿದಿದೆಯೆಂದು ತಿಳಿದು, ಮಲಗಿದ್ದ ಕೇಬಲನ್ನು ಎಬ್ಬಿಸುತ್ತಾರೆ. ಈ ಸಾಲು ನೆನಪಿರಲಿ. ಬಾಸ್ಟನ್ ನಗರಕ್ಕೆ ಹೋದಾಗ ಬೇಕಾಗುತ್ತದೆ.

ಸೇತುವೆ ಸ್ವಿಚ್ ಆಯಿತು

ಎರಡು ಬದಿಗಳ ಸೇತುವೆ ಹಲವು ಪೋರ್ಟುಗಳ ಸ್ವಿಚ್ ಆದದ್ದು 1990ರಲ್ಲಿ. ಅದನ್ನು ಮಾರುಕಟ್ಟೆಗೆ ತಂದ ಅಮೆರಿಕದ ಕಂಪನಿಯ ಹೆಸರು ನಮಗೆ ಅರ್ಥ ಹೇಳಿಸಿಕೊಳ್ಳಬೇಕಾದದ್ದಲ್ಲ: ‘ಕಲ್ಪನಾ’. ವಿನೋದ್ ಭಾರದ್ವಾಜ್ ಅದರ ಸ್ಥಾಪಕರಲ್ಲೊಬ್ಬರು. ಅವರ ‘ಈಥರ್‌ಸ್ವಿಚ್’ ಏಳು ಪೋರ್ಟುಗಳದು. ಫ್ರೇಮು ಪೂರ್ತಿ ಬರುವವರೆಗೆ ಕಾಯದೆ, ಮೊದಲ ಆರು ಬೈಟ್‌ಗಳ ವಿಳಾಸ ಓದಿದೊಡನೆ ಅದನ್ನು ಮುಂದಕ್ಕೆ ತಳ್ಳುವುದು ಅದರ ಹೆಚ್ಚುಗಾರಿಕೆ. ಸೇತುವೆಗಳು ನಿಧಾನವೆಂಬ ಹೆಸರು ಪಡೆದಿದ್ದರಿಂದ ಹೊಸ ಪದ ಬೇಕಿತ್ತು. ಕೆಲಸದ ಮಟ್ಟಿಗೆ ಸ್ವಿಚ್ ಎಂದರೂ ಸೇತುವೆಯೇ. 1994ರಲ್ಲಿ ಸಿಸ್ಕೊ ಕಂಪನಿ ಕಲ್ಪನಾವನ್ನು ಕೊಂಡುಕೊಂಡಿತು.

ಮುಂದಿನ ವರ್ಷಗಳಲ್ಲಿ ಫ್ರೇಮುಗಳನ್ನು ಸಾಗಿಸುವ ಕೆಲಸವೆಲ್ಲ ವಿಶೇಷ ಚಿಪ್ಪುಗಳಿಗೆ ಹೋಯಿತು. ತಂತ್ರಾಂಶ ಫ್ರೇಮುಗಳನ್ನು ಮುಟ್ಟುವುದನ್ನೇ ಬಿಟ್ಟಿತು ಎನ್ನಬಹುದು. ರೈಲು ಓಡುವುದು ಹಳಿಯ ಮೇಲೆ. ಯಾವ ಹಳಿ ಎಂಬ ನಿರ್ಧಾರ ಸಿಗ್ನಲ್ ಕ್ಯಾಬಿನ್ನಿನಲ್ಲಿ. ಮ್ಯಾನೇಜ್ಡ್ ಸ್ವಿಚ್ಚಿನ ಕಾರ್ಯಾಚರಣ ವ್ಯವಸ್ಥೆ ಈ ಕ್ಯಾಬಿನ್ನಿನಂತೆ. ಅಗ್ಗದ ಸ್ವಿಚ್ಚಿನಲ್ಲಿ ಹಳಿಗಳಿವೆ, ಕ್ಯಾಬಿನ್ನಿಲ್ಲ.

ಕ್ಯಾಬಿನ್ನಿನೊಳಗೆ ಏನೇನಿದೆ? ಎಲ್ಲಕ್ಕಿಂತ ಮೊದಲು ಸ್ಪ್ಯಾನಿಂಗ್ ಟ್ರೀ, ಜೊತೆಗೆ ಅದನ್ನು ತಿದ್ದುವ ಅವಕಾಶ. ಇದು ಮುಖ್ಯ. ಎಲ್ಲ ಸ್ವಿಚ್ಚುಗಳೂ ಕಾರ್ಖಾನೆಯಿಂದ 32768 ಎಂಬ ಒಂದೇ ಆದ್ಯತಾ ಸಂಖ್ಯೆಯೊಡನೆ ಬರುತ್ತವೆ. ಆಗ ತೀರ್ಮಾನವಾಗುವುದು 48 ಬಿಟ್‌ನ ವಿಳಾಸದಿಂದ. ಚಿಕ್ಕ ವಿಳಾಸದವರೇ ಬೇರು. ವಿಳಾಸಗಳನ್ನು ಕಂಪನಿಗಳು ಸಾಮಾನ್ಯವಾಗಿ ಏರುಕ್ರಮದಲ್ಲಿ ಹಂಚುವುದರಿಂದ, ಉಗ್ರಾಣದ ಮೂಲೆಯಲ್ಲಿ ಧೂಳು ತಿನ್ನುತ್ತಿರುವ ಅತ್ಯಂತ ಹಳೆಯ, ನಿಧಾನದ ಪೆಟ್ಟಿಗೆಯೇ ಎಷ್ಟೋ ಸಲ ಇಡೀ ಸಂಸ್ಥೆಯ ಜಾಲಕ್ಕೆ ಯಜಮಾನನಾಗಿಬಿಡುತ್ತದೆ. ನಮ್ಮ ಕೆಲವು ಸಮಿತಿಗಳ ಅಧ್ಯಕ್ಷರ ಆಯ್ಕೆಯೂ ಹೀಗೆಯೇ ಎಂದು ಸಹೋದ್ಯೋಗಿಯೊಬ್ಬರು ನಕ್ಕರು. ಸ್ವಿಚ್ಚಿನ ವಿಷಯದಲ್ಲಾದರೆ ಒಂದು ಸಾಲಿನ ಆದೇಶದಿಂದ ಸರಿಪಡಿಸಬಹುದು.

ಎರಡನೆಯದು ಕಾಣುವ ಕಣ್ಣು. 1988ರಲ್ಲಿ ರೂಪುಗೊಂಡ ‘ಎಸ್‌ಎನ್‌ಎಂಪಿ’ ಎಂಬ ನಿಯಮಾವಳಿ ದೂರದಿಂದಲೇ ಸ್ವಿಚ್ಚನ್ನು ಪ್ರಶ್ನಿಸಲು ದಾರಿ ಮಾಡಿಕೊಟ್ಟಿತು. ನಾಲ್ಕನೆಯ ಪೋರ್ಟಿನಲ್ಲಿ ಈವರೆಗೆ ಎಷ್ಟು ಬೈಟ್ ಹೋದವು, ತಪ್ಪುಗಳೆಷ್ಟು ಎಂಬ ಪ್ರಶ್ನೆಗೆಲ್ಲ ಅದು ಉತ್ತರ ಕೊಡುತ್ತದೆ. ಒಂದು ತಮಾಷೆ: ಮೊದಲಿಗೆ ಈ ಎಣಿಕೆಗೆ 32 ಬಿಟ್‌ಗಳನ್ನಷ್ಟೇ ಇಟ್ಟಿದ್ದರು. ಹತ್ತು ಕೋಟಿ ಬಿಟ್ ವೇಗದಲ್ಲಿ ತುಂಬಿ ಹರಿಯುವ ಕೇಬಲಿನ ಬೈಟ್ ಎಣಿಕೆ ಸುಮಾರು 343 ಸೆಕೆಂಡಿಗೆ ಮುಗಿದು, ಹಳೆಯ ಸ್ಕೂಟರಿನ ಕಿಲೋಮೀಟರ್ ಮೀಟರಿನಂತೆ, ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ನೂರು ಕೋಟಿ ಬಿಟ್ ವೇಗಕ್ಕೆ 34 ಸೆಕೆಂಡು ಸಾಕು. ಮುಂದೆ 64 ಬಿಟ್ ಎಣಿಕೆಗಳು ಬಂದವು. ತಮಾಷೆಯಲ್ಲದ ಸಂಗತಿಯೂ ಒಂದಿದೆ. ಆರಂಭದ ಆವೃತ್ತಿಗಳಲ್ಲಿ ಗುಪ್ತಪದ ಯಾವ ಮರೆಯೂ ಇಲ್ಲದೆ ತಂತಿಯ ಮೇಲೆ ಸಾಗುತ್ತಿತ್ತು; ಎಷ್ಟೋ ಕಡೆ ಅದು ಕಾರ್ಖಾನೆಯಿಂದ ಬಂದ ‘ಪಬ್ಲಿಕ್’ ಎಂಬ ಪದವೇ ಆಗಿರುತ್ತಿತ್ತು. ಗೂಢಲಿಪಿಯ ರಕ್ಷಣೆಯುಳ್ಳ ಮೂರನೆಯ ಆವೃತ್ತಿ ಪೂರ್ಣ ಮಾನಕವಾದದ್ದು 2002ರಲ್ಲಿ.

ಮೂರನೆಯದು ಬೇಲಿ. ಬೆಲ್‌ಕೋರ್ ಸಂಸ್ಥೆಯ ಡಬ್ಲ್ಯು. ಡೇವಿಡ್ ಸಿಂಕೋಸ್ಕಿ ಅವರ ಚಿಂತನೆಯಿಂದ ಬೆಳೆದ ವಿಲ್ಯಾನ್, 1998ರಲ್ಲಿ 802.1ಕ್ಯೂ ಎಂಬ ಮಾನಕವಾಯಿತು. ಫ್ರೇಮಿನಲ್ಲಿ ನಾಲ್ಕು ಬೈಟ್‌ಗಳ ಒಂದು ಚೀಟಿ ಸೇರಿಸಿ, ಅದರ 12 ಬಿಟ್‌ಗಳಲ್ಲಿ ‘ಇದು ಲೆಕ್ಕಪತ್ರ ವಿಭಾಗದ್ದು’, ‘ಇದು ಪ್ರಯೋಗಾಲಯದ್ದು’ ಎಂದು ಸಂಖ್ಯೆಯಲ್ಲಿ ನಮೂದಿಸುತ್ತಾರೆ. ಒಂದೇ ಪೆಟ್ಟಿಗೆ, ಒಂದೇ ತಂತಿ, ಆದರೆ 4094ರವರೆಗೆ ಬೇರೆಬೇರೆ ಜಾಲಗಳು. ‘ಸರ್ವರಿಗೂ’ ಎಂಬ ಕೂಗು ತನ್ನ ಬೇಲಿಯೊಳಗಷ್ಟೇ ಕೇಳಿಸುತ್ತದೆ. ಇದನ್ನು ಗೌಪ್ಯತೆಯ ಸಾಧನವೆಂದು ಹೊಗಳುವುದು ವಾಡಿಕೆ. ನನಗೆ ಕಾಣುವಂತೆ, ಪ್ರವಾಹ ಬಂದರೆ ಒಂದು ಗದ್ದೆಯಷ್ಟೇ ಮುಳುಗಲಿ ಎಂದು ಕಟ್ಟಿದ ಬದು ಎಂಬುದೇ ಅದರ ದೊಡ್ಡ ಪ್ರಯೋಜನ.

ಆದೇಶಗಳನ್ನು ಕೊಟ್ಟರಷ್ಟೇ ಸಾಲದು, ಉಳಿಸಬೇಕು. ಬಹಳಷ್ಟು ಸ್ವಿಚ್ಚುಗಳಲ್ಲಿ ನಡೆಯುತ್ತಿರುವ ವಿನ್ಯಾಸ ಬೇರೆ, ಕರೆಂಟು ಹೋಗಿ ಬಂದಾಗ ಓದಿಕೊಳ್ಳುವ ವಿನ್ಯಾಸ ಬೇರೆ. ಮೊದಲನೆಯದು ಅಳಿಯುವ ಸ್ಮೃತಿಯಲ್ಲಿ, ಎರಡನೆಯದು ಅಳಿಯದ ಸ್ಮೃತಿಯಲ್ಲಿ. ಒಂದು ಇಡೀ ಮಧ್ಯಾಹ್ನ ಕೂತು ಬೇಲಿಗಳನ್ನೆಲ್ಲ ಹಾಕಿ, ಉಳಿಸುವ ಆದೇಶ ಕೊಡುವುದನ್ನು ಮರೆತು ಮನೆಗೆ ಹೋದ ಅನುಭವ ನನಗಿದೆ. ಆ ಸಂಜೆಯ ಲೋಡ್‌ಶೆಡ್ಡಿಂಗ್ ಎಲ್ಲವನ್ನೂ ಒರೆಸಿತ್ತು.

ಬಾಸ್ಟನ್, ನವೆಂಬರ್ 2002

ಪರೀಕ್ಷೆ ಮಧ್ಯಾಹ್ನಕ್ಕೆ ಮುಂದೂಡಿದರೆ ಆಕಾಶ ಬೀಳುವುದಿಲ್ಲ. ಆಸ್ಪತ್ರೆಯ ಮಾತು ಹಾಗಲ್ಲ. ಅಮೆರಿಕದ ಬಾಸ್ಟನ್ ನಗರದ ಬೆತ್ ಇಸ್ರೇಲ್ ಡೀಕನೆಸ್ ವೈದ್ಯಕೀಯ ಕೇಂದ್ರ ಹಾರ್ವರ್ಡ್ ವಿಶ್ವವಿದ್ಯಾಲಯದ ಬೋಧನಾ ಆಸ್ಪತ್ರೆಗಳಲ್ಲೊಂದು. ಕಂಪ್ಯೂಟರ್ ಬಳಕೆಯಲ್ಲಿ ಮುಂಚೂಣಿಯಲ್ಲಿದ್ದದ್ದು. 2002ರ ನವೆಂಬರ್ 13ರಂದು ಅಲ್ಲಿನ ಜಾಲ ತೆವಳತೊಡಗಿ, ಆಮೇಲೆ ನಿಂತೇಹೋಯಿತು. ಸುಮಾರು ನಾಲ್ಕು ದಿನ ವೈದ್ಯರು, ದಾದಿಯರು ಕಾಗದದ ಚೀಟಿಗಳಿಗೆ ಮರಳಿದರು. ರಕ್ತಪರೀಕ್ಷೆಯ ಫಲಿತಾಂಶಗಳನ್ನು ಜನ ಕೈಯಲ್ಲಿ ಹಿಡಿದು ಓಡಾಡಿದರು. ಕಾಗದದ ಮೇಲೆ ಔಷಧಿ ಬರೆದು ಅಭ್ಯಾಸವೇ ಇಲ್ಲದ ಕಿರಿಯ ವೈದ್ಯರಿಗೆ ಹಿರಿಯರು ಹೇಳಿಕೊಡಬೇಕಾಯಿತು.

ಕಾರಣ ಸ್ಪ್ಯಾನಿಂಗ್ ಟ್ರೀಯೇ. ಒಂದು ತುದಿಯಿಂದ ಇನ್ನೊಂದು ತುದಿಗೆ ಹೆಚ್ಚೆಂದರೆ ಏಳು ಸ್ವಿಚ್ಚುಗಳು ಎಂಬ ಎಣಿಕೆಯ ಮೇಲೆ ಅದರ ಕಾಲಮಿತಿಗಳು ನಿಂತಿವೆ. ಆಸ್ಪತ್ರೆಯ ಜಾಲ ವರ್ಷವರ್ಷವೂ ಒಂದಿಷ್ಟು ಇಲ್ಲಿ, ಒಂದಿಷ್ಟು ಅಲ್ಲಿ ಎಂದು ಬೆಳೆದು ಆ ಮಿತಿಯನ್ನು ಸದ್ದಿಲ್ಲದೆ ದಾಟಿತ್ತು. ಮೇಲೆ ಒಬ್ಬ ಸಂಶೋಧಕರ ಭಾರಿ ದತ್ತಾಂಶದ ಹೊರೆ ಬಿತ್ತು. ಹೊರೆಯಲ್ಲಿ ಬೇರಿನ ಘೋಷಣೆ ಕಾಲಕ್ಕೆ ತಲುಪದಿದ್ದರೆ ಏನಾಗುತ್ತದೆಂದು ನಾವು ನೋಡಿದ್ದೇವೆ: ದೂರದ ಸ್ವಿಚ್ಚು ದಾರಿ ಮುರಿದಿದೆಯೆಂದು ತಪ್ಪು ತಿಳಿದು ಮಲಗಿದ್ದ ಕೇಬಲನ್ನು ಎಬ್ಬಿಸುತ್ತದೆ, ಸುತ್ತು ಕೂಡುತ್ತದೆ, ಹೊರೆ ನೂರ್ಮಡಿಸುತ್ತದೆ, ಮುಂದಿನ ಘೋಷಣೆಯೂ ಸಿಕ್ಕಿಬೀಳುತ್ತದೆ. ಅಪಾಯ ತಡೆಯಲೆಂದು ಇಟ್ಟ ವ್ಯವಸ್ಥೆ ದಟ್ಟಣೆಯಲ್ಲಿ ತಾನೇ ಅಪಾಯವಾಗುವ ಪರಿ ಇದು. ಆಸ್ಪತ್ರೆಯ ಮಾಹಿತಿ ವಿಭಾಗದ ಮುಖ್ಯಸ್ಥ ಜಾನ್ ಹಲಾಮ್ಕಾ ನಡೆದದ್ದನ್ನು ಮುಚ್ಚಿಡದೆ ಎಲ್ಲರಿಗೂ ತಿಳಿಸಿದರು. ಬೇರೆ ಆಸ್ಪತ್ರೆಗಳು ತಮ್ಮ ಜಾಲಗಳನ್ನು ತೆರೆದು ನೋಡಿಕೊಳ್ಳಲು ಅದು ನೆರವಾಯಿತು. ಇಂಥ ವೈಫಲ್ಯಗಳನ್ನು ಬರೆದಿಡುವ ಅಭ್ಯಾಸ ನಮ್ಮ ಸಂಸ್ಥೆಗಳಲ್ಲಿ ಅಪರೂಪ.

ಕೊನೆಗೂ ಬಂದ ಅಂಕಿ

ಅಷ್ಟರಲ್ಲಿ ಮದ್ದುಗಳೂ ತಯಾರಾಗುತ್ತಿದ್ದವು. 2001ರ 802.1ಡಬ್ಲ್ಯು ಮಾನಕ, ಮೊದಲು 30ರಿಂದ 50 ಸೆಕೆಂಡು ಹಿಡಿಯುತ್ತಿದ್ದ ಮರದ ಮರುಜೋಡಣೆಯನ್ನು ಕೆಲವೇ ಕ್ಷಣಗಳಿಗೆ ಇಳಿಸಿತು. ‘ಸರ್ವರಿಗೂ’ ಫ್ರೇಮುಗಳು ಮಿತಿ ಮೀರಿದರೆ ಕತ್ತರಿಸುವ ಕಾವಲು, ಘೋಷಣಾ ಸಂದೇಶ ಬರಬಾರದ ಪೋರ್ಟಿನಲ್ಲಿ ಬಂದರೆ ಪೋರ್ಟನ್ನೇ ಮುಚ್ಚುವ ಕಾವಲು ಇವೆಲ್ಲ ಒಂದೊಂದಾಗಿ ಸೇರಿದವು. ಸ್ವಿಚ್ಚಿನ ಕೈಪಿಡಿ ದಪ್ಪವಾಗುತ್ತಾ ಹೋಯಿತು.

ಈ ಕಥೆಯಲ್ಲಿ ಅತ್ಯಂತ ಅತೃಪ್ತರು ಸ್ವತಃ ಪರ್ಲ್‌ಮನ್. ಒಂದೇ ಕೇಬಲಿಗೆಂದು ರಚಿಸಿದ ಫ್ರೇಮನ್ನು ಊರಗಲದ ಜಾಲಕ್ಕೆ ಹಿಗ್ಗಿಸಿದ್ದೇ ತಪ್ಪು, ಸ್ಪ್ಯಾನಿಂಗ್ ಟ್ರೀ ಎಂಬುದು ತಾತ್ಕಾಲಿಕ ತೇಪೆ ಎಂದು ಅವರು ಅನೇಕ ಬಾರಿ ಹೇಳಿದ್ದಾರೆ. ತೇಪೆ ದಶಕಗಳ ಕಾಲ ಉಳಿಯಿತು. ಅದನ್ನು ಬದಲಿಸಲೆಂದು ಅವರೇ ಮುಂದಾಗಿ ರೂಪಿಸಿದ ‘ಟ್ರಿಲ್’ ಎಂಬ ವಿಧಾನ 2011ರಲ್ಲಿ ಮಾನಕವಾಗಿ ಪ್ರಕಟವಾಯಿತು. ಅದರಲ್ಲಿ ಫ್ರೇಮಿಗೆ ಹೊಸ ಹೊದಿಕೆಯೊಂದನ್ನು ತೊಡಿಸಿ, ಹೊದಿಕೆಯ ಮೇಲೆ ನೆಗೆತಗಳ ಅಂಕಿ ಬರೆದಿದ್ದಾರೆ. 1973ರಲ್ಲಿ ಬೇಡವಾಗಿದ್ದ ಅಂಕಿ! ಆದರೆ ಟ್ರಿಲ್ ಹೆಚ್ಚು ಹರಡಲಿಲ್ಲ. ದೊಡ್ಡ ದತ್ತಾಂಶ ಕೇಂದ್ರಗಳು 2014ರಲ್ಲಿ ಪ್ರಕಟವಾದ ‘ವಿಎಕ್ಸ್‌ಲ್ಯಾನ್’ ವಿಧಾನವನ್ನು ಒಲಿದವು. ಅಲ್ಲಿ ಫ್ರೇಮನ್ನು ಇಡಿಯಾಗಿ ಐಪಿ ಪೊಟ್ಟಣದೊಳಗೆ ತುರುಕುತ್ತಾರೆ. ಐಪಿಗೆ ಆಯುಷ್ಯದ ಅಂಕಿ ಹುಟ್ಟಿನಿಂದಲೇ ಇದೆ. ಬೇಲಿಯ ಸಂಖ್ಯೆಗೂ 24 ಬಿಟ್ ದೊರೆತು 4094 ಇದ್ದದ್ದು 1.67 ಕೋಟಿಯಾಯಿತು.

ಕ್ಯಾಬಿನ್ನಿನ ಒಳಗೂ ಬದಲಾವಣೆಯಾಗಿದೆ. ಪ್ರತಿ ಕಂಪನಿಯೂ ಬೀಗ ಹಾಕಿಟ್ಟುಕೊಂಡಿದ್ದ ಕಾರ್ಯಾಚರಣ ವ್ಯವಸ್ಥೆಯ ಜಾಗಕ್ಕೆ ಲಿನಕ್ಸ್ ಬರುತ್ತಿದೆ. ಮೈಕ್ರೋಸಾಫ್ಟ್ 2016ರಲ್ಲಿ ಮುಕ್ತಗೊಳಿಸಿದ ‘ಸೋನಿಕ್’ ಅಂಥದೊಂದು. 2022ರಿಂದ ಅದು ಲಿನಕ್ಸ್ ಫೌಂಡೇಷನ್ನಿನ ಆಶ್ರಯದಲ್ಲಿದೆ. ಅದರ ಮೂಲ ಸಂಕೇತವನ್ನು ಇಳಿಸಿಕೊಂಡು ಓದಲು ವಿದ್ಯಾರ್ಥಿಗಳಿಗೆ ಯಾರ ಅಪ್ಪಣೆಯೂ ಬೇಕಿಲ್ಲ.

ನಮ್ಮ ಪ್ರಯೋಗಾಲಯಕ್ಕೂ ಮುಂದೆ ಒಂದು ಮ್ಯಾನೇಜ್ಡ್ ಸ್ವಿಚ್ಚು ಬಂತು. ಹಳೆಯ ಕೇಬಲನ್ನು ನಾನು ಎಸೆದಿಲ್ಲ. ವರ್ಷಕ್ಕೊಮ್ಮೆ ಹೊಸ ವಿದ್ಯಾರ್ಥಿಗಳ ಮುಂದೆ ಅದರ ಎರಡೂ ತುದಿಗಳನ್ನು ಅದೇ ಸ್ವಿಚ್ಚಿಗೆ ಸಿಕ್ಕಿಸುತ್ತೇನೆ. ಸ್ವಿಚ್ಚು ಒಂದು ಪೋರ್ಟಿನಿಂದ ತಾನೇ ಕಳುಹಿಸಿದ ಘೋಷಣೆಯನ್ನು ಇನ್ನೊಂದರಲ್ಲಿ ಕೇಳಿಸಿಕೊಂಡು ಬೆಚ್ಚಿ, ಆ ಪೋರ್ಟಿನ ದೀಪ ಆರಿಸುತ್ತದೆ. ತೆರೆಯ ಮೇಲೆ ಸಮಯದೊಡನೆ ಒಂದು ಸಾಲು ಮೂಡುತ್ತದೆ. ಉಳಿದ ದೀಪಗಳು ಒಂದೊಂದಾಗಿ ಮಿನುಗುತ್ತಲೇ ಇರುತ್ತವೆ. ಮುಚ್ಚಿದ ಪೋರ್ಟು ನಮ್ಮಲ್ಲಿ ತಾನಾಗಿ ತೆರೆಯುವುದಿಲ್ಲ. ಆದೇಶ ಕೊಟ್ಟು ತೆರೆಸುವ ಕೆಲಸವನ್ನು ಆ ವರ್ಷದ ಯಾರಾದರೊಬ್ಬ ವಿದ್ಯಾರ್ಥಿಗೆ ಬಿಡುತ್ತೇನೆ.